ಐವತ್ತರ ಲೆಕ್ಕದಲ್ಲಿ ಕಳೆದುಹೋದ ಕೂಸು

(ಸಮುದಾಯದ ಉದ್ಯಮಿಗಳು ಹಾಗೂ ಶಿಕ್ಷಣ ಸಂಸ್ಥೆಗಳ ಆಡಳಿತಗಾರರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಮಹಿಳೆ ಮತ್ತು ಉದ್ಯೋಗ ಎಂಬ ವಿಷಯದ ಕುರಿತು ಮಾತಾಡಬೇಕೆಂದು ಸಂಘಟಕರು ಸೂಚಿಸಿದ್ದಾರೆ. ನಮ್ಮ ವೇದಿಕೆಗಳಲ್ಲಿ ಈ ವಿಷಯದ ಮೇಲೆ ಸಾಮಾನ್ಯವಾಗಿ ಎರಡು ಬಗೆಯ ಭಾಷಣಗಳು ನಡೆಯುತ್ತವೆ. ಒಂದರಲ್ಲಿ ಹಝ್ರತ್ ಖದೀಜಾ(ರ)ರ ವ್ಯಾಪಾರದ ಪ್ರಸ್ತಾಪ ಬರುತ್ತದೆ, ಸಭೆ ತಲೆದೂಗುತ್ತದೆ. ಇನ್ನೊಂದರಲ್ಲಿ ಪಾಶ್ಚಾತ್ಯರ ಕುಟುಂಬ ಒಡೆದುಹೋದ ಪ್ರಸ್ತಾಪ ಬರುತ್ತದೆ, ಅದೇ ಸಭೆ ಅದಕ್ಕೂ ತಲೆದೂಗುತ್ತದೆ. ಎರಡೂ ಭಾಷಣಗಳು ಮುಗಿದ ಮೇಲೆ, ಏಳು ತಿಂಗಳ ಕೂಸುಳ್ಳ ಶಿಕ್ಷಕಿಯೊಬ್ಬಳು ಮರುದಿನ ಬೆಳಿಗ್ಗೆ ಅದನ್ನು ಯಾರ ಕೈಗೊಪ್ಪಿಸಿ ಶಾಲೆಗೆ ಬರಬೇಕು ಎಂಬ ಪ್ರಶ್ನೆ ಮಾತ್ರ ಇದ್ದಲ್ಲೇ ಇರುತ್ತದೆ. ನಾವಿಂದು ಆ ಪ್ರಶ್ನೆಯೊಂದನ್ನೇ ಎತ್ತಿಕೊಳ್ಳೋಣ. ಏಕೆಂದರೆ ಈ ಸಭಾಂಗಣದಲ್ಲಿ ಕುಳಿತವರಲ್ಲಿ ಹೆಚ್ಚಿನವರು ಸಂಬಳ ಪಡೆಯುವವರಲ್ಲ, ಸಂಬಳ ಕೊಡುವವರು.

ಖಲೀಫಾ ಉಮರ್(ರ)ರ ಕಾಲದ ಒಂದು ಘಟನೆಯನ್ನು ಮೊದಲು ನೆನಪಿಸಿಕೊಳ್ಳೋಣ. ಮದೀನಾದಲ್ಲಿ ವರ್ತಕರ ಗುಂಪೊಂದು ತಂಗಿತ್ತು. ಅವರ ಕಾವಲಿಗಾಗಿ ಖಲೀಫರು ಅಬ್ದುರ್ರಹ್ಮಾನ್ ಬಿನ್ ಔಫ್(ರ)ರೊಂದಿಗೆ ರಾತ್ರಿ ಎಚ್ಚರವಿದ್ದರು. ಒಂದು ಮಗು ಎಡೆಬಿಡದೆ ಅಳುತ್ತಿತ್ತು. ಉಮರ್(ರ) ಹೋಗಿ ಮಗುವನ್ನು ಸಂತೈಸುವಂತೆ ತಾಯಿಗೆ ಹೇಳಿ ಬಂದರು. ಅಳು ನಿಲ್ಲಲಿಲ್ಲ. ಮತ್ತೆ ಹೋದರು, ಮತ್ತೂ ಹೋದರು. ಕೊನೆಗೆ ಆ ತಾಯಿ, ಎದುರಿಗಿರುವವರು ಯಾರೆಂದು ತಿಳಿಯದೆ, ತಾನು ಮಗುವಿಗೆ ಹಾಲು ಬಿಡಿಸುತ್ತಿದ್ದೇನೆ, ಅದು ಒಪ್ಪುತ್ತಿಲ್ಲ ಎಂದಳು. ಇಷ್ಟು ಬೇಗ ಏಕೆಂದು ಕೇಳಿದಾಗ, ಹಾಲು ಬಿಟ್ಟ ಮಕ್ಕಳಿಗೆ ಮಾತ್ರ ಉಮರ್ ಭತ್ಯೆ ನಿಗದಿಪಡಿಸಿದ್ದಾರಲ್ಲ ಎಂದುತ್ತರಿಸಿದಳು. ಆ ದಿನ ಫಜ್ರ್ ನಮಾಝಿನಲ್ಲಿ ಖಲೀಫರ ಪಾರಾಯಣ ಅಳುವಿನ ಭರದಲ್ಲಿ ಜನರಿಗೆ ಸ್ಪಷ್ಟವಾಗಿ ಕೇಳಿಸಲಿಲ್ಲವಂತೆ. ನಮಾಝ್ ಮುಗಿದೊಡನೆ ಅವರು ಘೋಷಣೆ ಹೊರಡಿಸಿದರು: ಯಾರೂ ಮಕ್ಕಳಿಗೆ ಅವಸರದಲ್ಲಿ ಹಾಲು ಬಿಡಿಸಬೇಡಿ, ಇನ್ನು ಮುಂದೆ ಹುಟ್ಟಿದ ಪ್ರತಿಯೊಂದು ಮಗುವಿಗೂ ಬೈತುಲ್‌ಮಾಲ್‌ನಿಂದ ಭತ್ಯೆ ಸಲ್ಲುತ್ತದೆ. ಎಲ್ಲ ಪ್ರಾಂತಗಳಿಗೂ ಆ ಆದೇಶ ಹೋಯಿತು.

ಈ ಘಟನೆಯನ್ನು ಉಮರ್(ರ)ರ ಕರುಣೆಗೆ ನಿದರ್ಶನವಾಗಿ ನಾವು ಹೇಳುತ್ತಾ ಬಂದಿದ್ದೇವೆ. ಅದು ಸರಿಯೇ. ಆದರೆ ಇದರಲ್ಲಿ ಆಡಳಿತದ ಪಾಠವೂ ಇದೆ. ಭತ್ಯೆಯ ನಿಯಮ ಒಳ್ಳೆಯ ಉದ್ದೇಶದಿಂದಲೇ ಹುಟ್ಟಿತ್ತು. ಆದರೆ ನಿಯಮ ಗೆರೆ ಎಳೆದ ಜಾಗ ತಪ್ಪಾಗಿತ್ತು. ಜನ ಆ ಗೆರೆಯನ್ನು ನೋಡಿಕೊಂಡು ಬದುಕತೊಡಗಿದರು, ಅದರ ನೋವು ಮಾತ್ರ ಕೂಸಿನ ಪಾಲಿಗೆ ಬಂತು. ನಮ್ಮ ದೇಶದ ಶಿಶುಪಾಲನಾ ಕಾನೂನುಗಳ ಕಥೆಯೂ ಇದಕ್ಕಿಂತ ಬಹಳ ಭಿನ್ನವಾಗಿಲ್ಲ.

1948ರ ಕಾರ್ಖಾನೆಗಳ ಕಾಯ್ದೆಯ 48ನೇ ಕಲಮು ಮಹಿಳಾ ಕಾರ್ಮಿಕರ ಆರು ವರ್ಷದೊಳಗಿನ ಮಕ್ಕಳಿಗಾಗಿ ಕಾರ್ಖಾನೆಯಲ್ಲಿ ಶಿಶುಪಾಲನಾ ಕೋಣೆ ಇರಬೇಕೆಂದು ವಿಧಿಸಿತ್ತು. ಯಾವ ಕಾರ್ಖಾನೆಗೆ? ಮೊದಲಿಗೆ ಐವತ್ತಕ್ಕಿಂತ ಹೆಚ್ಚು ಮಹಿಳೆಯರಿರುವ ಕಾರ್ಖಾನೆಗೆ. 1976ರ ತಿದ್ದುಪಡಿಯ ಬಳಿಕ ಮೂವತ್ತಕ್ಕಿಂತ ಹೆಚ್ಚು ಮಹಿಳೆಯರಿರುವ ಕಾರ್ಖಾನೆಗೆ. ಗಂಡಸರು ಸಾವಿರ ಮಂದಿ ಇದ್ದರೂ ಲೆಕ್ಕಕ್ಕಿಲ್ಲ. ಅಂದರೆ ಕಾನೂನಿನ ದೃಷ್ಟಿಯಲ್ಲಿ ಮಗು ಎಂಬುದು ಹೆಣ್ಣಾಳಿನ ಜೊತೆಗೆ ಬರುವ ಸಾಮಾನು. ಗಂಡಾಳಿಗೆ ಮಕ್ಕಳಿರುವುದಿಲ್ಲ! ಇಂತಹ ನಿಯಮದ ಕೆಳಗೆ ಮೂವತ್ತೊಂದನೆಯ ಹೆಣ್ಣುಮಗಳು ಕೆಲಸ ಕೇಳಿಕೊಂಡು ಗೇಟಿನ ಬಳಿ ಬಂದಾಗ ಮಾಲಕನು ಏನು ಯೋಚಿಸುತ್ತಾನೆಂದು ಮಾಲಕರಾದ ತಮಗೆ ನಾವು ವಿವರಿಸಬೇಕಾಗಿಲ್ಲ.

ಇದು ಬರೀ ಊಹೆಯಲ್ಲ. ದಕ್ಷಿಣ ಅಮೆರಿಕದ ಚಿಲಿ ದೇಶದಲ್ಲಿ ಇಪ್ಪತ್ತು ಅಥವಾ ಅದಕ್ಕಿಂತ ಹೆಚ್ಚು ಮಹಿಳೆಯರನ್ನು ನೇಮಿಸಿಕೊಂಡ ಸಂಸ್ಥೆ ಶಿಶುಪಾಲನೆಯ ವೆಚ್ಚ ಭರಿಸಬೇಕೆಂಬ ನಿಯಮವನ್ನು ಮಾಡಲಾಗಿತ್ತು. ಅದರ ಪರಿಣಾಮವನ್ನು ಅಳೆದು 2015ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಕಂಡುಕೊಂಡದ್ದೇನು? ಆ ಗೆರೆ ದಾಟಿದ ಸಂಸ್ಥೆಗಳಲ್ಲಿ ಹೊಸದಾಗಿ ಸೇರುವ ಮಹಿಳೆಯರ ಆರಂಭಿಕ ಸಂಬಳ ಶೇ. 9ರಿಂದ 20ರಷ್ಟು ಕಡಿಮೆಯಾಗಿತ್ತು. ಮಾಲಕರು ಕಾನೂನನ್ನು ಪಾಲಿಸಿದರು, ಖರ್ಚನ್ನು ಹೆಂಗಸರ ಸಂಬಳದಿಂದಲೇ ವಸೂಲು ಮಾಡಿದರು. ಮಗುವಿಲ್ಲದವಳ ಸಂಬಳವೂ ಕಡಿಮೆಯಾಯಿತು. ಹೆಣ್ಣಿಗೆ ಅನುಕೂಲವೆಂದು ತಂದ ಕಾನೂನು ಹೆಣ್ಣನ್ನೇ ದುಬಾರಿ ಮಾಡಿತು.

ನಮ್ಮಲ್ಲಿ 2017ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆಗೆ ತಿದ್ದುಪಡಿ ಬಂತು. ಸಂಬಳಸಹಿತ ರಜೆ 12 ವಾರಗಳಿಂದ 26 ವಾರಗಳಿಗೇರಿತು. ಐವತ್ತು ಅಥವಾ ಹೆಚ್ಚು ನೌಕರರಿರುವ ಪ್ರತಿಯೊಂದು ಸಂಸ್ಥೆಯೂ ಶಿಶುಪಾಲನಾ ಕೇಂದ್ರವನ್ನು ಒದಗಿಸಬೇಕು, ತಾಯಿಗೆ ದಿನಕ್ಕೆ ನಾಲ್ಕು ಬಾರಿ ಅಲ್ಲಿಗೆ ಹೋಗಿಬರಲು ಬಿಡಬೇಕು ಎಂದಾಯಿತು. ಇಲ್ಲಿ ಎಣಿಸಬೇಕಾದುದು ಹೆಂಗಸರನ್ನಲ್ಲ, ಒಟ್ಟು ನೌಕರರನ್ನು ಎಂಬುದನ್ನು ಗಮನಿಸಿರಿ. ಇದು ಸಣ್ಣ ಬದಲಾವಣೆಯಲ್ಲ. ನಲ್ವತ್ತೊಂಬತ್ತು ಗಂಡಸರು, ಒಬ್ಬಳು ಹೆಂಗಸು ಇದ್ದರೂ ಹೊಣೆ ಇದೆ. ಹೆಂಗಸರನ್ನು ದೂರವಿಟ್ಟು ಹೊಣೆಯಿಂದ ತಪ್ಪಿಸಿಕೊಳ್ಳುವ ದಾರಿ ಮುಚ್ಚಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯು ಹಳೆಯ ಕಾಯ್ದೆಯ ಸ್ಥಾನವನ್ನು ಪಡೆದಿದೆ. ಅದರಲ್ಲಿಯೂ ಐವತ್ತರ ಲೆಕ್ಕವೇ ಇದೆ.

ಆದರೆ ಹೊಸ ಗೆರೆಯೂ ಗೆರೆಯೇ. ಮೂವತ್ತೈದು ಹೆಂಗಸರು, ಹತ್ತು ಗಂಡಸರು ದುಡಿಯುವ ಹೊಲಿಗೆ ಘಟಕವೊಂದನ್ನು ಭಾವಿಸಿಕೊಳ್ಳಿ. ಹಳೆಯ ಕಾರ್ಖಾನೆ ಕಾಯ್ದೆಯ ಪ್ರಕಾರ ಅಲ್ಲಿ ಮಕ್ಕಳ ಕೋಣೆ ಇರಲೇಬೇಕಿತ್ತು. ಐವತ್ತರ ಲೆಕ್ಕದಲ್ಲಿ ಅದು ಹೊರಗುಳಿಯುತ್ತದೆ. ಇನ್ನೊಂದು ವಿಚಿತ್ರವೆಂದರೆ, ಎಣಿಕೆಗೆ ಗಂಡಸರು ಬೇಕು, ಆದರೆ ದಿನಕ್ಕೆ ನಾಲ್ಕು ಬಾರಿ ಕೂಸನ್ನು ನೋಡಿಬರುವ ಅವಕಾಶವನ್ನು ಕಾನೂನು ಹೇಳುವುದು ತಾಯಿಗೆ ಮಾತ್ರ. ಮೊಲೆಹಾಲಿನ ಮಗುವಿನ ವಿಷಯದಲ್ಲಿ ಇದು ಸಹಜ. ಮೂರು ವರ್ಷದ ಮಗುವಿಗೆ ಮಧ್ಯಾಹ್ನ ಒಂದು ತುತ್ತು ಉಣ್ಣಿಸಲು ತಂದೆ ಹೋದರೆ ಆಕಾಶ ಬೀಳುತ್ತದೆಯೇ?

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ಸಭೆಯ ನಂತರ ಚಹಾ ಕುಡಿಯುತ್ತಾ ಕೇಳುವ ಬದಲು ನಾವೇ ಎತ್ತಿಬಿಡುವುದು ಒಳ್ಳೆಯದು. ಹೆತ್ತ ತಾಯಿಯೇ ಮಗುವನ್ನು ನೋಡಿಕೊಳ್ಳಬೇಡವೇ, ಹೆಣ್ಣು ದುಡಿಯಲು ಹೋಗಲೇಬೇಕೇ ಎಂಬುದು ಆ ಆಕ್ಷೇಪ. ಪವಿತ್ರ ಕುರ್‌ಆನ್‌ನ ಅಲ್ ಬಕರಃ ಅಧ್ಯಾಯದ 233ನೇ ಸೂಕ್ತವನ್ನು ಬಲ್ಲವರಿಗೆ ಉತ್ತರ ತಿಳಿದಿದೆ. ಎರಡು ವರ್ಷಗಳ ಸ್ತನ್ಯಪಾನದ ಬಗ್ಗೆ ಹೇಳುವ ಆ ಸೂಕ್ತ ತಾಯಿಯ ಊಟ ಬಟ್ಟೆಯ ಹೊಣೆಯನ್ನು ಮಗುವಿನ ತಂದೆಯ ಮೇಲೆ ಹಾಕುತ್ತದೆ. ಮಗುವಿನ ಕಾರಣದಿಂದ ತಾಯಿಗೂ ತಂದೆಗೂ ಹಾನಿಯಾಗಕೂಡದೆನ್ನುತ್ತದೆ. ಹಾಲು ಬಿಡಿಸುವ ನಿರ್ಧಾರವನ್ನು ಇಬ್ಬರ ಒಪ್ಪಿಗೆ ಹಾಗೂ ಸಮಾಲೋಚನೆಗೆ ಬಿಡುತ್ತದೆ. ಬೇರೊಬ್ಬಳಿಂದ ಹಾಲೂಡಿಸಲು ಬಯಸಿದರೆ ಅದರಲ್ಲಿ ತಪ್ಪಿಲ್ಲ, ಆದರೆ ಆಕೆಗೆ ಸಲ್ಲಬೇಕಾದುದನ್ನು ಕ್ರಮವಾಗಿ ಸಲ್ಲಿಸಿರಿ ಎಂಬ ಅರ್ಥದ ಮಾತನ್ನೂ ಅದೇ ಸೂಕ್ತ ಸೇರಿಸುತ್ತದೆ. ಪ್ರವಾದಿ(ಸ)ಯವರೇ ಬನೂ ಸಅದ್ ಗೋತ್ರದ ಹಲೀಮಾರ ಮಡಿಲಲ್ಲಿ ಬೆಳೆದವರಲ್ಲವೇ? ಮಗುವಿನ ಪಾಲನೆ ಬೆಲೆಯುಳ್ಳ ಕೆಲಸ, ಅದಕ್ಕೆ ಪ್ರತಿಫಲ ಸಲ್ಲಬೇಕು ಎಂಬ ವಿಚಾರ ನಮಗೆ ಹೊರಗಿನಿಂದ ಬಂದುದಲ್ಲ.

ಅಷ್ಟಕ್ಕೂ, ಹೆಣ್ಣು ದುಡಿಯಬೇಕೇ ಎಂದು ಕೇಳುವ ಮೊದಲು ಅವಳು ಈಗ ಏನು ಮಾಡುತ್ತಿದ್ದಾಳೆಂದು ನೋಡಬೇಡವೇ? ದಕ್ಷಿಣ ಕನ್ನಡ, ಉಡುಪಿಯ ಹಳ್ಳಿಗಳಿಗೆ ಹೋಗಿರಿ. ಮನೆಯ ಜಗಲಿಯಲ್ಲಿ ಕುಳಿತು, ಮೊರವನ್ನು ತೊಡೆಯ ಮೇಲಿಟ್ಟು, ಎಲೆ ಕತ್ತರಿಸಿ, ಹೊಗೆಸೊಪ್ಪಿನ ಹುಡಿ ತುಂಬಿ, ನೂಲು ಸುತ್ತಿ ಬೀಡಿ ಕಟ್ಟುವ ಕೈಗಳು ಯಾರವು? ಕೂಲಿ ಸಾವಿರಕ್ಕೆ ಇಷ್ಟೆಂದು ಸಿಗುತ್ತದೆ. ಮಗು ಎಲ್ಲಿರುತ್ತದೆ? ಪಕ್ಕದಲ್ಲೇ, ಅದೇ ಹುಡಿಯ ಗಾಳಿಯಲ್ಲಿ. ತಾಯಿ ಮನೆಯಲ್ಲಿದ್ದಾಳೆ ಎಂದು ನಾವು ಸಮಾಧಾನಪಟ್ಟುಕೊಳ್ಳುತ್ತೇವೆ. ಮೈಸೂರು, ಬೆಂಗಳೂರಿನ ಗಲ್ಲಿಗಳಲ್ಲಿ ಅಗರಬತ್ತಿ ಹೊಸೆಯುವವಳ ಸ್ಥಿತಿಯೂ ಇದೇ. 2006ರಲ್ಲಿ ಸಂಸತ್ತಿನ ಮುಂದೆ ಬಂದ ನ್ಯಾಯಮೂರ್ತಿ ರಾಜಿಂದರ್ ಸಾಚಾರ್ ಸಮಿತಿಯ ವರದಿಯಲ್ಲಿ ಒಂದು ಅಂಕಿಯಿದೆ: ದುಡಿಯುವ ಮುಸ್ಲಿಮ್ ಮಹಿಳೆಯರಲ್ಲಿ ಶೇ. 70ರಷ್ಟು ಮಂದಿ ತಮ್ಮ ಮನೆಯೊಳಗೇ ದುಡಿಯುತ್ತಿದ್ದರು. ಎಲ್ಲ ಸಮುದಾಯಗಳನ್ನು ಸೇರಿಸಿದರೆ ಆ ಪ್ರಮಾಣ ಶೇ. 51 ಆಗಿತ್ತು. ವರದಿಯ ಮೀಸಲಾತಿಯ ಭಾಗವನ್ನು ನಾವು ಬಾಯಿಪಾಠ ಮಾಡಿದೆವು, ಈ ಅಂಕಿಯನ್ನು ಹೆಚ್ಚು ಮಂದಿ ಗಮನಿಸಲಿಲ್ಲ.

ಮನೆಯಲ್ಲಿ ದುಡಿಯುವವಳ ಸಮಸ್ಯೆಯೆಂದರೆ ಅವಳಿಗೆ ಮಾಲಕನಿದ್ದೂ ಇಲ್ಲ. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆಯಲ್ಲಿಯೂ ಶಿಶುಪಾಲನಾ ಕೋಣೆಯ ಕಲಮು ಇತ್ತು. ಆದರೆ ಅದು 'ಕೈಗಾರಿಕಾ ಆವರಣ'ಕ್ಕೆ ಅನ್ವಯ. ಆವರಣವೆಂದರೆ ವಾಸದ ಮನೆಯನ್ನು ಬಿಟ್ಟು ಎಂದು ಕಾಯ್ದೆಯ ವ್ಯಾಖ್ಯೆಯೇ ಹೇಳಿತ್ತು. ಆ ಕಾಯ್ದೆಯನ್ನು ಪ್ರಶ್ನಿಸಿದ ಮಂಗಳೂರು ಗಣೇಶ್ ಬೀಡಿ ವರ್ಕ್ಸ್ ಪ್ರಕರಣದಲ್ಲಿ ಸುಪ್ರೀಮ್ ಕೋರ್ಟು 1974ರಲ್ಲಿ ಕಾಯ್ದೆಯನ್ನು ಎತ್ತಿಹಿಡಿಯಿತು, ಗುತ್ತಿಗೆದಾರ ನಡುವೆ ಇದ್ದರೂ ಮನೆಯಲ್ಲಿ ಬೀಡಿ ಕಟ್ಟುವವರ ಹೊಣೆ ಉತ್ಪಾದಕನದೇ ಎಂದಿತು. ಇದರ ಫಲವಾಗಿ ಭವಿಷ್ಯನಿಧಿಯಂತಹ ಕೆಲವು ಹಕ್ಕುಗಳು ಮನೆಬಾಗಿಲಿಗೆ ಬಂದವು. ಮಕ್ಕಳ ಕೋಣೆ ಬರಲಿಲ್ಲ, ಬರುವಂತೆಯೂ ಇರಲಿಲ್ಲ, ಏಕೆಂದರೆ ಅದು ಗೋಡೆಗೆ ಅಂಟಿದ ಹಕ್ಕು. ಹೊಸ ಸಂಹಿತೆಯು ಮನೆಯಿಂದ ದುಡಿಯುವವಳನ್ನು ಅಸಂಘಟಿತರ ಪಟ್ಟಿಗೆ ಸೇರಿಸಿದೆ. ಅಲ್ಲಿ ಸರಕಾರದ ಯೋಜನೆಗಳ ಮಾತಿದೆ, ಐವತ್ತರ ಲೆಕ್ಕ ಅವಳ ಜಗಲಿಯನ್ನು ತಲುಪುವುದಿಲ್ಲ.

ಹಾಗಾದರೆ ಅವಳು ಹೊರಗೆ ಬಂದು ಉತ್ತಮ ಕೂಲಿಯ ಕೆಲಸಕ್ಕೇಕೆ ಸೇರುವುದಿಲ್ಲ? ಕೇಂದ್ರ ಸರಕಾರದ ಶ್ರಮಶಕ್ತಿ ಸಮೀಕ್ಷೆಯ ಪ್ರಕಾರ ದುಡಿಮೆಯಲ್ಲಿ ತೊಡಗಿರುವ ಅಥವಾ ದುಡಿಮೆ ಹುಡುಕುತ್ತಿರುವ ಮಹಿಳೆಯರ ಪ್ರಮಾಣ 2017-18ರಲ್ಲಿ ಶೇ. 23.3 ಇದ್ದುದು 2023-24ರಲ್ಲಿ ಶೇ. 41.7ಕ್ಕೇರಿತು. ಸಂತೋಷದ ವಿಷಯ. ಆದರೆ ಏರಿಕೆಯ ಬಹುಪಾಲು ಹಳ್ಳಿಗಳಲ್ಲಿ, ಸ್ವಂತ ದುಡಿಮೆ ಮತ್ತು ಮನೆಯ ಕಸುಬಿಗೆ ಕೂಲಿಯಿಲ್ಲದೆ ನೆರವಾಗುವ ಕೆಲಸಗಳಲ್ಲಿ ಆಗಿದೆ. ಸಂಬಳದ ಉದ್ಯೋಗಗಳಿರುವ ನಗರಗಳಲ್ಲಿ ಆ ಪ್ರಮಾಣ ಶೇ. 28ರಲ್ಲಿತ್ತು. 2024ರ ಸಮಯ ಬಳಕೆಯ ಸಮೀಕ್ಷೆ ಇನ್ನೊಂದು ಮಗ್ಗುಲನ್ನು ತೋರಿಸುತ್ತದೆ. ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ 289 ನಿಮಿಷ ಕೊಡುತ್ತಾರೆ, ಮಾಡುವ ಗಂಡಸರು 88 ನಿಮಿಷ. ಮಾಡದ ಗಂಡಸರ ಲೆಕ್ಕ ಇದರಲ್ಲಿಲ್ಲ. 2023ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಕ್ಲಾಡಿಯಾ ಗೋಲ್ಡಿನ್ ಅವರ ಅಧ್ಯಯನಗಳ ಒಂದು ಮುಖ್ಯ ಫಲಿತಾಂಶವೂ ಇದೇ ಕಡೆಗೆ ಬೆರಳು ಮಾಡುತ್ತದೆ: ಗಂಡು-ಹೆಣ್ಣಿನ ಸಂಪಾದನೆಯ ನಡುವಿನ ಅಂತರ ಹೆಚ್ಚಾಗಿ ತೆರೆದುಕೊಳ್ಳುವುದು ಮೊದಲ ಮಗು ಹುಟ್ಟಿದ ಮೇಲೆ.

ನಮ್ಮ ವ್ಯವಸ್ಥೆಯಲ್ಲಿ ತೂತು ಎಲ್ಲಿದೆಯೆಂದು ನಿಖರವಾಗಿ ಗುರುತಿಸಬಹುದು. ಹೆರಿಗೆ ರಜೆ ಮುಗಿಯುವುದು ಆರು ತಿಂಗಳಿಗೆ. ಅಂಗನವಾಡಿ ಮಗುವನ್ನು ಕೂರಿಸಿಕೊಳ್ಳುವುದು ಮೂರು ವರ್ಷಕ್ಕೆ. ಅದಕ್ಕಿಂತ ಚಿಕ್ಕ ಮಗುವಿಗೆ ಅಲ್ಲಿ ಮನೆಗೊಯ್ಯುವ ಆಹಾರವಿದೆ, ಜಾಗವಿಲ್ಲ. ನಡುವಿನ ಎರಡೂವರೆ ವರ್ಷ ಮಗುವನ್ನು ಅಜ್ಜಿಗೆ ಬಿಡಬೇಕು. ಅಜ್ಜಿ ಇಲ್ಲದಿದ್ದರೆ, ಇದ್ದರೂ ಆಕೆಯೇ ಬೀಡಿ ಕಟ್ಟುತ್ತಿದ್ದರೆ, ಅಥವಾ ಕಾಯಿಲೆ ಬಿದ್ದಿದ್ದರೆ? ಕೆಲಸ ಬಿಡುವವಳು ತಾಯಿ. ಕರ್ನಾಟಕ ಸರಕಾರ 2023ರಲ್ಲಿ 4,000 ಗ್ರಾಮ ಪಂಚಾಯತಿಗಳಲ್ಲಿ 'ಕೂಸಿನ ಮನೆ' ತೆರೆಯುವುದಾಗಿ ಘೋಷಿಸಿದ್ದು ಈ ತೂತನ್ನು ಗುರುತಿಸಿಯೇ. ಉದ್ಯೋಗ ಖಾತರಿಯ ಕೂಲಿಗೆ ಹೋಗುವ ತಾಯಂದಿರ ಮಕ್ಕಳು ಅದರ ಮುಖ್ಯ ಗುರಿ. ಆದರೆ ಶಿಕ್ಷಕಿ, ನರ್ಸ್, ಅಂಗಡಿಯ ಸೇಲ್ಸ್ ಹುಡುಗಿ, ಹೊಲಿಗೆ ಘಟಕದವಳು ಎಲ್ಲಿಗೆ ಹೋಗಬೇಕು?

ಕಾರ್ಖಾನೆಯೊಳಗೆ ಕೋಣೆ ಕಟ್ಟಿದ ಮಾತ್ರಕ್ಕೆ ಎಲ್ಲವೂ ಸರಿಯಾಗುವುದಿಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ಬೆಂಗಳೂರಿನ ಪೀಣ್ಯ, ಮೈಸೂರು ರಸ್ತೆ, ಹೊಸೂರು ರಸ್ತೆಯ ಗಾರ್ಮೆಂಟ್ಸ್‌ಗಳಲ್ಲಿ ಹೆಂಗಸರದೇ ಬಹುಸಂಖ್ಯೆ. 2016ರ ಏಪ್ರಿಲ್‌ನಲ್ಲಿ ಭವಿಷ್ಯನಿಧಿಯ ನಿಯಮ ಬದಲಾದಾಗ ಬೀದಿಗಿಳಿದು ಕೇಂದ್ರ ಸರಕಾರವನ್ನೇ ಹಿಂದೆ ಸರಿಸಿದವರು ಇದೇ ಹೆಂಗಸರು. ಅಲ್ಲಿನ ದೊಡ್ಡ ಕಾರ್ಖಾನೆಗಳಲ್ಲಿ ಮಕ್ಕಳ ಕೋಣೆ ಇರುತ್ತದೆ. ಆದರೆ ಬೆಳಿಗ್ಗೆ ನೂಕುನುಗ್ಗಲಿನ ಬಸ್ಸಿನಲ್ಲಿ ನಿಂತುಕೊಂಡು ಎಂಟು ತಿಂಗಳ ಕೂಸನ್ನು ಅಷ್ಟು ದೂರ ತರುವುದು ಹೇಗೆ? ಊರಿನಲ್ಲಿ ಅಜ್ಜಿಯ ಬಳಿ ಮಗುವನ್ನು ಬಿಟ್ಟು ಬಂದ ತಾಯಂದಿರು ಅಲ್ಲಿ ಕಡಿಮೆಯೇನಿಲ್ಲ. ಕೋಣೆ ಇದೆ, ಮಕ್ಕಳಿಲ್ಲ, ತಪಾಸಣೆಗೆ ಅಧಿಕಾರಿ ಬಂದಾಗ ತೋರಿಸಲು ತೊಟ್ಟಿಲು ಇದೆ ಎಂಬಂತಾಗಬಾರದು. ಕೇಂದ್ರವು ಮನೆಗೂ ಕೆಲಸಕ್ಕೂ ನಡೆದು ಹೋಗುವಷ್ಟು ಹತ್ತಿರವಿರಬೇಕು. 2018ರಲ್ಲಿ ಕೇಂದ್ರ ಸರಕಾರ ಹೊರಡಿಸಿದ ಮಾರ್ಗಸೂಚಿಯೂ ಕೆಲಸದ ಸ್ಥಳದಲ್ಲಿ ಅಥವಾ ಅದರಿಂದ 500 ಮೀಟರ್ ಒಳಗೆ ಎಂದಿತ್ತು.

ಮಾಲಕನಿಗೆ ಹೆಣ್ಣಾಳು ಬೇಕೆನಿಸಿದಾಗ ಇದೆಲ್ಲ ಎಷ್ಟು ಬೇಗ ಸಾಧ್ಯವಾಗುತ್ತದೆ ಎಂಬುದಕ್ಕೆ ಒಂದೇ ಉದಾಹರಣೆ ಸಾಕು. ಎರಡನೇ ಮಹಾಯುದ್ಧದ ಕಾಲದಲ್ಲಿ, 1943ರಲ್ಲಿ, ಅಮೆರಿಕದ ಪೋರ್ಟ್‌ಲೆಂಡ್‌ನಲ್ಲಿ ಹಡಗು ಕಟ್ಟುತ್ತಿದ್ದ ಕೈಸರ್ ಕಂಪೆನಿ ಹಡಗುಕಟ್ಟೆಯ ಪ್ರವೇಶದ್ವಾರದಲ್ಲೇ ಶಿಶುಪಾಲನಾ ಕೇಂದ್ರಗಳನ್ನು ತೆರೆಯಿತು. ರಾತ್ರಿ ಪಾಳಿಯ ತಾಯಂದಿರ ಮಕ್ಕಳಿಗೂ ಅವು ತೆರೆದಿದ್ದವು. ತಾಯಿ ಮನೆಗೆ ಹೊರಡುವಾಗ ಬೇಯಿಸಿದ ಊಟವನ್ನು ಕೊಂಡೊಯ್ಯುವ ಏರ್ಪಾಡೂ ಇತ್ತು. ಕಟ್ಟಡಗಳ ಖರ್ಚನ್ನು ಕೊಟ್ಟದ್ದು ಸರಕಾರ. 1945ರಲ್ಲಿ ಯುದ್ಧ ಮುಗಿಯಿತು, ಕೇಂದ್ರಗಳು ಅದೇ ವರ್ಷ ಮುಚ್ಚಿದವು.

ಈಗ ನಮ್ಮ ಸಂಸ್ಥೆಗಳ ವಿಷಯಕ್ಕೆ ಬರೋಣ. ಸಮುದಾಯದ ಆಂಗ್ಲ ಮಾಧ್ಯಮ ಶಾಲೆಗಳನ್ನು ಹೊತ್ತು ನಿಂತಿರುವವರು ಶಿಕ್ಷಕಿಯರು. ಅವರಲ್ಲಿ ಬಹಳಷ್ಟು ಮಂದಿ ಬಿ.ಎಡ್. ಮುಗಿಸಿ, ಮೂರು ನಾಲ್ಕು ವರ್ಷ ಪಾಠ ಮಾಡಿ, ಕೈ ಪಳಗುವ ಹೊತ್ತಿಗೆ ಮಗುವಾಗಿ ಬಿಟ್ಟುಹೋಗುತ್ತಾರೆ. ಆಡಳಿತ ಮಂಡಳಿ ಜೂನ್ ತಿಂಗಳಲ್ಲಿ ಮತ್ತೊಬ್ಬ ಹೊಸಬಳನ್ನು ಕಡಿಮೆ ಸಂಬಳಕ್ಕೆ ತರುತ್ತದೆ. ಸಂಬಳ ಉಳಿಯಿತೆಂದು ಖಜಾಂಚಿ ಸಂತೋಷಪಡುತ್ತಾರೆ. ಹತ್ತನೇ ತರಗತಿಯ ಫಲಿತಾಂಶ ಕುಸಿದಾಗ ಕಾರಣ ಹುಡುಕಲು ಸಭೆ ಕರೆಯುತ್ತೇವೆ. ಒಂದೇ ಟ್ರಸ್ಟಿನ ಪ್ರಾಥಮಿಕ ಶಾಲೆ, ಹೈಸ್ಕೂಲು, ಕಾಲೇಜನ್ನು ಮೂರು ಹಾಜರಿ ಪುಸ್ತಕಗಳಲ್ಲಿ ಹಂಚಿ ಪ್ರತಿಯೊಂದರಲ್ಲೂ ಐವತ್ತಕ್ಕೆ ಕಡಿಮೆ ತೋರಿಸಬಹುದೆಂಬ ಸಲಹೆಯನ್ನು ಯಾರಾದರೂ ಲೆಕ್ಕಪರಿಶೋಧಕರು ಕೊಟ್ಟಾರು. ಆ ಸಲಹೆಯನ್ನು ಸ್ವೀಕರಿಸುವ ಮುನ್ನ ಉಮರ್(ರ)ರ ಫಜ್ರ್ ನಮಾಝನ್ನು ಒಮ್ಮೆ ನೆನೆಯಬೇಕು.

ಸಣ್ಣ ಸಂಸ್ಥೆಗಳು ಒಂಟಿಯಾಗಿ ಈ ಭಾರವನ್ನು ಹೊರಲಾರವು ಎಂಬುದು ನಿಜ. ಹನ್ನೆರಡು ಮಂದಿ ದುಡಿಯುವ ಕ್ಲಿನಿಕ್ ಸ್ವಂತ ಶಿಶುಪಾಲನಾ ಕೇಂದ್ರ ನಡೆಸುವುದೆಂತು? ಆದರೆ ಸಂಹಿತೆಯೇ ಇದಕ್ಕೆ ದಾರಿ ತೋರಿಸಿದೆ. ಹಲವು ಸಂಸ್ಥೆಗಳು ಹಣ ಕೂಡಿಸಿ ಒಂದೇ ಕೇಂದ್ರವನ್ನು ನಡೆಸಬಹುದು, ಸ್ವಯಂಸೇವಾ ಸಂಸ್ಥೆಯ ಕೇಂದ್ರವನ್ನೂ ಬಳಸಿಕೊಳ್ಳಬಹುದು. ಇದನ್ನು ಓದಿದಾಗ ನಮಗೆ ಮೊದಲು ನೆನಪಾದದ್ದು ನಾವು ಓದಿದಂತಹ ಮದ್ರಸಾ ಕಟ್ಟಡಗಳು. ಕರಾವಳಿಯ ಬಹುತೇಕ ಮೊಹಲ್ಲಾಗಳಲ್ಲಿ ಬೆಳಗ್ಗಿನ ಮದ್ರಸಾ ಮಕ್ಕಳು ಶಾಲೆಗೆ ಹೊರಡುವ ಹೊತ್ತಿಗೆ ಮುಗಿಯುತ್ತದೆ. ಆಮೇಲೆ ಸಂಜೆಯವರೆಗೆ ಕೋಣೆಗಳಿಗೆ ಬೀಗ. ಗಾಳಿ ಬೆಳಕಿದೆ, ನೀರಿದೆ, ಆವರಣ ಗೋಡೆಯಿದೆ, ಎಲ್ಲ ಮನೆಗಳಿಗೂ ನಡೆದು ಹೋಗುವ ದೂರ. ಜಮಾಅತ್ ಕಮಿಟಿ ನಿರ್ಣಯ ಮಾಡಿ ಆ ಕೋಣೆಗಳನ್ನು ಹಗಲಿಗೆ ಬಾಡಿಗೆಗೆ ಕೊಟ್ಟರೆ ಉಸ್ತಾದರ ಸಂಬಳಕ್ಕೂ ಆಸರೆಯಾಗುತ್ತದೆ. ಮೊಹಲ್ಲಾದಲ್ಲಿರುವ ಬೀಡಿ ಕಟ್ಟುವವಳ ಮಗುವಿಗೂ, ಯಾವ ಧರ್ಮದವಳಾದರೂ ಸರಿ, ಅಲ್ಲಿ ಜಾಗ ಇರಲಿ. ಅವಳ ಪಾಲನ್ನು ಬೀಡಿ ಕಂಪೆನಿಯಿಂದ ಕೇಳಬಹುದು, ಕೊಡದಿದ್ದರೆ ನಮ್ಮ ಸಾಮೂಹಿಕ ನಿಧಿಯಿಂದ ಭರಿಸಬಹುದು.

ಖರ್ಚಿನ ಮಾತು. ಇಪ್ಪತ್ತೈದು ಮಕ್ಕಳಿಗೆ ಮೂವರು ಪಾಲಕಿಯರು, ಒಬ್ಬ ಅಡುಗೆಯಾಕೆ, ಹಾಲು, ಗಂಜಿ, ಬಾಡಿಗೆ ಎಲ್ಲ ಸೇರಿ ತಿಂಗಳಿಗೆ 90,000 ರೂಪಾಯಿ ಎಂದಿಟ್ಟುಕೊಳ್ಳೋಣ. ಆರು ಸಂಸ್ಥೆಗಳು ಸೇರಿದರೆ ಸರಾಸರಿ ತಲಾ 15,000 ಬೀಳುತ್ತದೆ. ಇದರಲ್ಲಿ ಪಾಲಕಿಯರ ಸಂಬಳದಲ್ಲಿ ಚೌಕಾಸಿ ಮಾಡಬಾರದು. ಒಬ್ಬ ಹೆಂಗಸಿನ ದುಡಿಮೆ ಇನ್ನೊಬ್ಬ ಹೆಂಗಸಿನ ಅಗ್ಗದ ಕೂಲಿಯ ಮೇಲೆ ನಿಲ್ಲುವುದಾದರೆ ಅದಕ್ಕೆ ಇಷ್ಟೆಲ್ಲ ಭಾಷಣ ಬೇಕಾಗಿಲ್ಲ. ಇನ್ನೊಂದು ಮುಖ್ಯ ಸಂಗತಿಯೆಂದರೆ ಈ ಮೊತ್ತವನ್ನು ಹಂಚುವ ರೀತಿ. ಯಾವ ಸಂಸ್ಥೆಯಿಂದ ಎಷ್ಟು ಮಕ್ಕಳು ಬರುತ್ತಾರೋ ಅಷ್ಟಕ್ಕೆ ದುಡ್ಡು ಎಂದು ಯಾರಾದರೂ ಹೇಳಿಯಾರು. ಕೇಳಲು ನ್ಯಾಯವೆನಿಸುತ್ತದೆ. ಆದರೆ ಹಾಗೆ ಮಾಡಿದೊಡನೆ ಮದುವೆಯಾದ ಶಿಕ್ಷಕಿಯನ್ನು ನೇಮಿಸಿಕೊಳ್ಳುವ ಮುನ್ನ ಆಡಳಿತ ಮಂಡಳಿ ಎರಡು ಸಲ ಯೋಚಿಸತೊಡಗುತ್ತದೆ, ಚಿಲಿಯ ತಪ್ಪು ನಮ್ಮ ಮೊಹಲ್ಲಾದಲ್ಲಿ ಮರುಹುಟ್ಟು ಪಡೆಯುತ್ತದೆ. ಆದುದರಿಂದ ಹಂಚಿಕೆ ಒಟ್ಟು ನೌಕರರ ಸಂಖ್ಯೆಯ ಮೇಲೆ ನಡೆಯಲಿ, ಚಾಲಕ, ಕಾವಲುಗಾರ, ಗುಮಾಸ್ತ ಎಲ್ಲರೂ ಲೆಕ್ಕಕ್ಕೆ ಬರಲಿ. ಮಗುವನ್ನು ತಂದುಬಿಡುವ, ಕರೆದೊಯ್ಯುವ ಪುಸ್ತಕದಲ್ಲಿ ತಂದೆಯ ಹೆಸರಿಗೂ ಒಂದು ಸಾಲು ಇರಲಿ. ಗಂಡಸು ನೌಕರನ ಮಗುವಿಗೂ ಅಲ್ಲಿ ಸಮಾನ ಹಕ್ಕಿರಲಿ. ಅವನ ಹೆಂಡತಿ ಬೇರೆಲ್ಲೋ ದುಡಿಯುತ್ತಿರಬಹುದು, ಕಾಲೇಜಿನಲ್ಲಿ ಓದುತ್ತಿರಬಹುದು.

ಈ ಸಭಾಂಗಣದ ಹಿಂಭಾಗದಲ್ಲೇ ಇಂತಹ ಒಂದು ಮದ್ರಸಾ ಕಟ್ಟಡವಿದೆ. ನೆಲಮಹಡಿಯಲ್ಲಿ ಎರಡು ದೊಡ್ಡ ಕೋಣೆಗಳು, ಪಕ್ಕದಲ್ಲಿ ಅಡುಗೆಗೆ ಅನುಕೂಲವಾದ ಚಾವಡಿ. ಶೌಚಾಲಯವನ್ನು ಮಕ್ಕಳಿಗೆ ತಕ್ಕಂತೆ ಸ್ವಲ್ಪ ಬದಲಾಯಿಸಬೇಕು, ಬಾವಿಗೆ ಬಲೆ ಹಾಕಿಸಬೇಕು. ಕೀಲಿಕೈ ಕಮಿಟಿಯ ಕಾರ್ಯದರ್ಶಿಯವರ ಬಳಿ ಇದೆ, ಅವರು ಮೂರನೇ ಸಾಲಿನಲ್ಲಿ ಕುಳಿತಿದ್ದಾರೆ. ಊಟಕ್ಕೆ ಇನ್ನೂ ಅರ್ಧ ಗಂಟೆಯಿದೆ, ಆಸಕ್ತರು ಅವರ ಜೊತೆ ಹೋಗಿ ನೋಡಿಬರಬಹುದು.